ಪಗಾರದ ಲೆಕ್ಕ, ಹಾಸಿಗೆಯ ಲೆಕ್ಕ

ನಮ್ಮ ಕೊಪ್ಪಳ ಸೀಮೆಯಲ್ಲಿ ಮುದುಕರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ‘ಪಗಾರ’ ಎಂದೇ ಹೆಸರು. ‘ಯವ್ವಾ, ಪಗಾರ ಬಂತೇನು?’ ಎಂದು ಕೇಳಿದರೆ, ‘ಎಲ್ಲಿ ಬಂತಪ್ಪಾ, ಆಧಾರ್ ಜೋಡಣಿ ಆಗಿಲ್ಲಂತ, ಎರಡು ತಿಂಗಳಾತು’ ಎಂಬ ಉತ್ತರ ಕಟ್ಟೆ ಕಟ್ಟೆಯಲ್ಲೂ ಸಿಗುತ್ತದೆ. ದುಡಿದವರ ಕೂಲಿಗೆ ಇರುವ ಹೆಸರನ್ನು ದುಡಿಯಲಾರದವರ ಹಣಕ್ಕೆ ಇಟ್ಟವರು ಯಾರೋ ಗೊತ್ತಿಲ್ಲ. ಆದರೆ ಸರ್ಕಾರಿ ಕಾಗದದ ‘ಸಂಧ್ಯಾ ಸುರಕ್ಷಾ’ ಎಂಬ ಹೆಸರಿಗಿಂತ ಇದರಲ್ಲಿ ಹೆಚ್ಚು ಕಸುವಿದೆ. ಇದು ಭಿಕ್ಷೆಯಲ್ಲ, ಬದುಕೆಲ್ಲ ಹೊಲದಲ್ಲಿ ಬಗ್ಗಿದ್ದರ ಬಾಕಿ ಎಂಬ ದನಿ ಅದರೊಳಗಿದೆ.

ಈ ಪಗಾರಕ್ಕೆ ಹೇಳುವವರು ಕೇಳುವವರು ಇದ್ದಾರೆ. ಸಂಧ್ಯಾ ಸುರಕ್ಷಾ ಶುರುವಾದದ್ದು 2007ರಲ್ಲಿ. 2021ರಲ್ಲಿ ತಿಂಗಳಿಗೆ 1,000 ರೂಪಾಯಿ ಇದ್ದದ್ದು 1,200 ಆಯಿತು. ಅರ್ಜಿ ನಾಡಕಚೇರಿಗೆ, ಪರಿಶೀಲನೆ ತಲಾಟಿಯಿಂದ, ಮಂಜೂರಾತಿ ತಹಶೀಲ್ದಾರರ ಕಚೇರಿಯಿಂದ, ಎಲ್ಲದರ ಮೇಲೆ ಬೆಂಗಳೂರಿನಲ್ಲಿ ಒಂದು ನಿರ್ದೇಶನಾಲಯ. ಹಣ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು. ಸತ್ತವರ ಖಾತೆಗೆ ಹೋದರೆ ವಸೂಲಿ, ಅನರ್ಹರಿಗೆ ಹೋದರೆ ರದ್ದು.

ಆದರೆ 1,200 ರೂಪಾಯಿ ನೀರು ಕಾಯಿಸಿ ಮೈ ತೊಳೆಸುವುದಿಲ್ಲ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನ ತುಂಬ ಹುಣ್ಣಾಗುತ್ತದೆ. ಆ ಹುಣ್ಣಿಗೆ ಬ್ಯಾಂಕ್ ಖಾತೆ, ಆಧಾರ್ ಯಾವುದೂ ತಿಳಿಯದು. ಆ ಕೆಲಸ ಯಾರದು? ಅದನ್ನು ಮಾಡದಿದ್ದರೆ ಕೇಳುವವರು ಯಾರು? ಮೊದಲ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿದ್ಧವಿದೆ: ಸೊಸೆ. ಎರಡನೆಯದಕ್ಕೆ ಉತ್ತರವೇ ಇಲ್ಲ.

ಕಿನ್ನಾಳವನ್ನೇ ತೆಗೆದುಕೊಳ್ಳಿ. ಕೊಪ್ಪಳದಿಂದ ಹನ್ನೆರಡು–ಹದಿಮೂರು ಕಿಲೊಮೀಟರ್. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮರದ ಗೊಂಬೆಗಳ ಊರು. ಮಗ್ಗದ ಸದ್ದೂ ಇಲ್ಲಿ ಕೇಳಿದ್ದೇ. ಗೊಂಬೆ ಕೆಲಸ ಒಬ್ಬರದಲ್ಲ, ಇಡೀ ಮನೆಯದು. ಹಗುರ ಮರವನ್ನು ಕೆತ್ತುವವರು ಒಬ್ಬರು. ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ‘ಕಿಟ್ಟ’ ಮಾಡುವವರು, ಬಿಡಿ ಭಾಗಗಳನ್ನು ಅದರಿಂದ ಬೆಸೆಯುವವರು, ಬಣ್ಣ ತುಂಬುವವರು ಹೀಗೆ ಮನೆಯಲ್ಲಿ ಯಾರೂ ಖಾಲಿ ಕೂರುವಂತಿಲ್ಲ. ಕಣ್ಣು ಮಂದವಾಗಿ ಗೌರಿಯ ಹುಬ್ಬಿನ ಗೆರೆ ಎಳೆಯಲಾಗದ ಅಜ್ಜನೂ ಕೂತಲ್ಲೇ ಮರ ಉಜ್ಜಿ ನಯ ಮಾಡಬಲ್ಲ. ಕಸುಬು ಮನೆಯೊಳಗೇ ಇರುವ ಕಡೆ ಮುದುಕರೂ ದುಡಿಮೆಯ ಕಣ್ಣಳತೆಯಲ್ಲೇ ಇರುತ್ತಾರೆ. ನೀರು ಕೇಳಿದರೆ ಕೈಗೆ ಕೊಡಲು ಯಾರಾದರೂ ಇರುತ್ತಾರೆ. ಇದನ್ನು ಯಾವ ಇಲಾಖೆಯೂ ಯೋಜಿಸಿದ್ದಲ್ಲ.

ಊರು ದಾಟಿ ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹಳ್ಳಿಗಳ ಕಡೆ ಹೋದರೆ ಚಿತ್ರ ಬೇರೆ. ಸುಗ್ಗಿ ಮುಗಿದ ಮೇಲೆ ಗುಳೆ. ಬೆಂಗಳೂರು, ಮಂಗಳೂರು, ಗೋವಾ. ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತುತ್ತಾರೆ. ಮನೆ ಕಾಯಲು ಮುದುಕಿ ಉಳಿಯುತ್ತಾಳೆ, ಮೊಮ್ಮಕ್ಕಳ ಸಾಲಿ ತಪ್ಪದಿರಲೆಂದು ಅವರೂ ಆಕೆಯ ಹತ್ತಿರವೇ. ಯಾರು ಯಾರನ್ನು ಜೋಪಾನ ಮಾಡುತ್ತಿದ್ದಾರೆ ಎಂಬುದೇ ಅಲ್ಲಿ ತಲೆಕೆಳಗು. ಕಾನೂನು, ಯೋಜನೆ, ಸಮೀಕ್ಷೆಯ ನಮೂನೆ ಎಲ್ಲವೂ ನಂಬಿ ಕೂತಿರುವ ಆ ಸೊಸೆ ವರ್ಷದಲ್ಲಿ ಎಂಟು ತಿಂಗಳು ಕಟ್ಟಡದ ಕಬ್ಬಿಣ ಹೊರುತ್ತಿರುತ್ತಾಳೆ.

ಇಲ್ಲೊಂದು ಹಳೆಯ ಕಹಿ ನೆನಪೂ ಇದೆ, ಬಿಟ್ಟು ಮುಂದೆ ಹೋಗುವಂತಿಲ್ಲ. ಗಂಡು ಮಕ್ಕಳಿಲ್ಲದ ಬಡ ತಂದೆ ತಾಯಿ ಮುಪ್ಪಿಗೆ ದಿಕ್ಕು ಬೇಕೆಂದು ಮಗಳಿಗೆ ಮುತ್ತು ಕಟ್ಟಿಸಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದ ಪದ್ಧತಿ ಈ ಭಾಗದ್ದೇ. ದೇವದಾಸಿ ಪದ್ಧತಿಗೆ ಜಾತಿಯ, ಊರ ಗೌಡಿಕೆಯ, ಹುಲಿಗೆಮ್ಮ ಯಲ್ಲಮ್ಮರ ಹೆಸರಿನ ಬೇರುಗಳು ಬೇಕಾದಷ್ಟಿವೆ. ಆದರೆ ಮುದುಕರನ್ನು ನೋಡಿಕೊಳ್ಳುವ ಹೊರೆಯನ್ನು ಒಬ್ಬ ಹುಡುಗಿಯ ಬದುಕಿಗೆ ಕಟ್ಟಿಬಿಡುವುದೂ ಅದರ ಒಂದು ಬೇರು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಹಾಗೆ ತಂದೆ ತಾಯಿಯನ್ನು ಸಾಕಿದ ಹೆಣ್ಣುಮಕ್ಕಳೇ ಈಗ ಮುದುಕಿಯರು. ಮಾಜಿ ದೇವದಾಸಿಯರ ಮಾಸಾಶನ ಅವರಿಗೆ ಬರುತ್ತದೆ. ಅವರ ಹಾಸಿಗೆಯ ಪಕ್ಕ ಯಾರು ಎಂಬ ಕಾಲಂ ಆ ಅರ್ಜಿಯಲ್ಲಿಲ್ಲ.

ಕಾನೂನಿನಲ್ಲಿ ಹೊಣೆ ಯಾರದು ಎಂದು ಹುಡುಕಿದರೆ ಎಲ್ಲರದೂ ಹೌದು. ಸಂವಿಧಾನದ 41ನೇ ವಿಧಿ ಮುಪ್ಪು, ಕಾಯಿಲೆ, ವೈಕಲ್ಯದ ಕಾಲಕ್ಕೆ ಸರ್ಕಾರ ನೆರವಾಗಬೇಕು ಎನ್ನುತ್ತದೆ, ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಬಾಲ ಸೇರಿಸಿ. 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅಂಗವಿಕಲರೂ ಸೇರಿದಂತೆ ಸಮಾಜ ಕಲ್ಯಾಣ 26ನೆಯದು. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು: ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡಬಹುದು, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ. ನೋಡಿಕೊಳ್ಳುತ್ತೇವೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಬಹುದು. ಒಳ್ಳೆಯ ಕಾಯ್ದೆಯೇ. ಆದರೆ ಬರೆದುಕೊಡಲು ಆಸ್ತಿ ಇದ್ದವರಿಗೆ, ಕೊಪ್ಪಳದ ಕಚೇರಿಗೆ ಹೋಗಿ ಮಗನ ಮೇಲೆ ದೂರು ಕೊಟ್ಟು ಮತ್ತೆ ಅದೇ ಮಗನ ಮನೆಗೆ ಮರಳುವ ಗಟ್ಟಿ ಎದೆಯವರಿಗೆ. ಅದೇ ಕಾಯ್ದೆಯ 19ನೇ ಕಲಂ ಜಿಲ್ಲೆಗೆ ಕನಿಷ್ಠ ಒಂದು, 150 ಜನ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ; ಆದರೆ ಸರ್ಕಾರ ‘ಸ್ಥಾಪಿಸಬಹುದು’ ಎನ್ನುತ್ತದೆ, ‘ಸ್ಥಾಪಿಸತಕ್ಕದ್ದು’ ಎನ್ನುವುದಿಲ್ಲ. ಯಾವ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನಾದರೂ ಒದಗಿಸಿ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಹೇಳಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೆ!

ಈಗ ಒಂದು ಸುತ್ತು ಹೊರಗೆ ಹೋಗಿ ಬರೋಣ. ಇಂಗ್ಲೆಂಡಿನಲ್ಲಿ ಮುದುಕರ, ಅಂಗವಿಕಲರ ದಿನನಿತ್ಯದ ಆರೈಕೆ ಸ್ಥಳೀಯ ಕೌನ್ಸಿಲ್‌ಗಳ ಹೊಣೆ. ಅಲ್ಲಿ ಆ ಕೆಲಸಕ್ಕೆ ‘ಕಮಿಷನಿಂಗ್’ ಎನ್ನುತ್ತಾರೆ. ನಮ್ಮಲ್ಲಿ ಕಮಿಷನ್ ಎಂದರೆ ಕಾಮಗಾರಿಯಲ್ಲಿ ಎಷ್ಟು ಪರ್ಸೆಂಟ್ ಎಂಬ ಲೆಕ್ಕ. ಅಲ್ಲಿ ಅರ್ಥ ಬೇರೆ. ಊರಿನಲ್ಲಿ ಯಾರಿಗೆ ಏನು ಬೇಕೆಂದು ಅಂದಾಜು ಮಾಡಿ, ಮನೆಗೆ ಬಂದು ಸ್ನಾನ ಮಾಡಿಸುವ ಸಹಾಯಕಿಯೋ, ಆರೈಕೆ ಮನೆಯಲ್ಲೊಂದು ಹಾಸಿಗೆಯೋ ನಿರ್ಧರಿಸಿ, ಅದನ್ನು ಕಂಪನಿಯಿಂದಲೋ ಸೇವಾಸಂಸ್ಥೆಯಿಂದಲೋ ಗುತ್ತಿಗೆಗೆ ಪಡೆದು, ಸರಿಯಾಗಿ ನಡೆಯುತ್ತಿದೆಯೇ ಎಂದು ಕಣ್ಣಿಡುವುದು. 2014ರ ಆರೈಕೆ ಕಾಯ್ದೆ ಇದನ್ನೆಲ್ಲ ಕೌನ್ಸಿಲ್‌ನ ಕರ್ತವ್ಯ ಎಂದಿತು. ಸೇವೆ ಕೊಡುತ್ತಿದ್ದ ಕಂಪನಿ ಮುಳುಗಿದರೂ ಮುದುಕರು ಬೀದಿಗೆ ಬೀಳದಂತೆ ನೋಡುವುದೂ ಅದರದೇ ಎಂದಿತು. ಈ ಮಾತು ಸುಮ್ಮನೆ ಬಂದದ್ದಲ್ಲ. 2011ರಲ್ಲಿ ‘ಸದರ್ನ್ ಕ್ರಾಸ್’ ಎಂಬ ಆರೈಕೆ ಮನೆಗಳ ದೊಡ್ಡ ಕಂಪನಿ ಕುಸಿದಾಗ ಸುಮಾರು 31,000 ಮಂದಿಯ ಸೂರು ಅನಿಶ್ಚಿತವಾಗಿತ್ತು. ಅದೇ ವರ್ಷ ಬಿಬಿಸಿಯ ಗುಪ್ತ ಕ್ಯಾಮೆರಾ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಹೊಡೆದು ಎಳೆದಾಡುತ್ತಿದ್ದುದನ್ನು ತೋರಿಸಿತ್ತು. ಮನೆಗೆ ಬರುವ ಸಹಾಯಕಿಗೆ ಕೌನ್ಸಿಲ್‌ಗಳು ಹದಿನೈದೇ ನಿಮಿಷ ಕೊಡುತ್ತವೆ, ಅಷ್ಟರಲ್ಲಿ ಉಣಿಸುವುದೋ ತೊಳೆಯುವುದೋ ಎಂಬ ದೂರೂ ಆಗಿನದೇ.

ಹದಿನೈದು ನಿಮಿಷದ ತಪ್ಪು ಆ ಸಹಾಯಕಿಯದಲ್ಲ, ಹದಿನೈದು ನಿಮಿಷಕ್ಕಷ್ಟೇ ದುಡ್ಡು ಕಟ್ಟಿದವರದು. ಆರೈಕೆ ಮನೆಗಳನ್ನು ತಪಾಸಣೆ ಮಾಡಲು 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಇದೆ. ಕೌನ್ಸಿಲ್‌ಗಳನ್ನೇ ತೂಗುವ ಕೆಲಸವೂ ಮೊದಲು ಇತ್ತು, 2010ರಲ್ಲಿ ನಿಂತುಹೋಯಿತು. ಮತ್ತೆ 2022ರ ಕಾಯ್ದೆ ಬಂದು, 2023ರ ಏಪ್ರಿಲ್‌ನಿಂದ 153 ಕೌನ್ಸಿಲ್‌ಗಳೂ ಆ ಸಂಸ್ಥೆಯ ತಕ್ಕಡಿಗೆ ಬಂದವು. ಕಡತ ಮಾತ್ರವಲ್ಲ, ಆರೈಕೆ ಪಡೆಯುವವರನ್ನು, ಮನೆಯಲ್ಲಿ ಸಂಬಳವಿಲ್ಲದೆ ನೋಡಿಕೊಳ್ಳುವವರನ್ನು ಮಾತಾಡಿಸುತ್ತಾರೆ. ಎಷ್ಟು ಜನ ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂದು ನೋಡುತ್ತಾರೆ. ಕೊನೆಗೆ ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಸಾಲದು ಎಂಬ ನಾಲ್ಕರಲ್ಲಿ ಒಂದು ಷರಾ. ಅಲ್ಲಿಯೂ ಎಲ್ಲ ಚೆನ್ನಾಗಿದೆ ಎಂದೇನಲ್ಲ. ತೂಗುವ ಸಂಸ್ಥೆಯಲ್ಲೇ ಗಂಭೀರ ಲೋಪಗಳಿವೆ ಎಂದು 2024ರಲ್ಲಿ ಸರ್ಕಾರವೇ ನೇಮಿಸಿದ ಪೆನ್ನಿ ಡ್ಯಾಶ್ ಅವರ ವರದಿ ಹೇಳಿತು. ನನಗೆ ಅಲ್ಲಿಂದ ಬೇಕಾದದ್ದು ಒಂದೇ ಎಳೆ: ಸೇವೆ ಕೊಟ್ಟವರನ್ನಷ್ಟೇ ಅಲ್ಲ, ಸೇವೆ ಏರ್ಪಡಿಸಬೇಕಾದ ಸ್ಥಳೀಯ ಸಂಸ್ಥೆಯನ್ನೂ ನಿಲ್ಲಿಸಿ ಕೇಳಬೇಕು.

ನಮ್ಮಲ್ಲಿ ಕೇಳಲು ಹೋದರೆ, ಸ್ಥಳೀಯ ಸಂಸ್ಥೆ ಏರ್ಪಡಿಸಿದ್ದೇನು ಎಂಬುದೇ ಮೊದಲ ತೊಡಕು. ಗ್ರಾಮ ಪಂಚಾಯ್ತಿಯ ಕೈಯಲ್ಲಿ ಆರೈಕೆಗೆಂದು ಇರುವ ಒಂದೇ ಗಟ್ಟಿ ಬಾಬ್ತು ಅಂದರೆ ಅಂಗವಿಕಲರಿಗೆ ಮೀಸಲಿಡಬೇಕಾದ ಶೇ 5ರ ಹಣ. ಮೊದಲು ಶೇ 3 ಇತ್ತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಐದಾಯಿತು. ಸಣ್ಣ ಪಂಚಾಯ್ತಿಯಲ್ಲಿ ಇದು ದೊಡ್ಡ ಮೊತ್ತವೇನಲ್ಲ. ಆದರೂ ಊರಿನವರೇ ನಿರ್ಧರಿಸಿ, ಊರಿನ ಒಬ್ಬರಿಗೆ ಖರ್ಚು ಮಾಡಬಹುದಾದ ಹಣ. ಬೆಂಗಳೂರಿನ ಒಪ್ಪಿಗೆಗೆ ಕಾಯಬೇಕಿಲ್ಲ.

ಇದು ಹೇಗೆ ಖರ್ಚಾಗುತ್ತದೆ ಎಂಬುದು ಪಂಚಾಯ್ತಿ ಕಟ್ಟೆ ಹತ್ತಿದ ಎಲ್ಲರಿಗೂ ಗೊತ್ತು. ಮಾರ್ಚ್ ಹತ್ತಿರ ಬಂದಾಗ ಪಿಡಿಒಗೆ ಬಾಬ್ತು ನೆನಪಾಗುತ್ತದೆ. ಮೂರು ಗಾಲಿಯ ಸೈಕಲ್ಲೋ, ಊರುಗೋಲೋ, ಹೊಲಿಗೆ ಯಂತ್ರವೋ ಖರೀದಿ. ಹಾರ, ಫೋಟೊ, ವೋಚರು. ಸೈಕಲ್ ಯಾರ ಮೈಗೆ ಹೊಂದುತ್ತದೆ, ಅವರ ಓಣಿಯ ಚರಂಡಿ ಕಲ್ಲು ದಾಟಿ ಅದು ಹೊರಗೆ ಬಂದೀತೇ, ಟೈರು ಹೋದರೆ ಪಂಕ್ಚರ್ ಹಾಕಿಸುವವರು ಯಾರು ಎಂಬ ಪ್ರಶ್ನೆಗೆ ವೋಚರಿನಲ್ಲಿ ಜಾಗವಿಲ್ಲ. ಮುಂದಿನ ಮಳೆಗಾಲಕ್ಕೆ ಆ ಸೈಕಲ್ಲಿನ ಮೇಲೆ ಕೌದಿ ಒಣಗುತ್ತಿರುತ್ತದೆ.

ಲೆಕ್ಕ ಕೇಳುವವರಿಗೇನೂ ಬರವಿಲ್ಲ. ರಾಜ್ಯದ ಲೆಕ್ಕಪರಿಶೋಧನೆ ಇಲಾಖೆ ವರ್ಷ ವರ್ಷ ಪಂಚಾಯ್ತಿ ಪುಸ್ತಕ ತಿರುವುತ್ತದೆ. ಜಮಾಬಂದಿ ಎಂಬ ಸೊಗಸಾದ ಹಳೆಯ ಹೆಸರಿನ ಪದ್ಧತಿಯಿದೆ. ಮೇಲಿನ ಅಧಿಕಾರಿ ಬಂದು ಊರವರೆದುರು ಆಯವ್ಯಯ ಓದಿಸಿ, ಕಾಮಗಾರಿ ನೋಡಬೇಕು. ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ, ಲೋಕಾಯುಕ್ತರಿದ್ದಾರೆ. ಇವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಶೇ 5 ಖರ್ಚಾಯಿತೇ? ಆಯಿತು ಎಂದರೆ ಷರಾ ಇಲ್ಲ. ಉಳಿದರೆ ಆಕ್ಷೇಪಣೆ. ಹಾಗಾಗಿ ಖರ್ಚು ಮಾಡುವುದೇ ಆರೈಕೆ ಎಂದಾಗಿಬಿಟ್ಟಿದೆ. ಲೆಕ್ಕಪರಿಶೋಧಕರನ್ನು ನಾನು ದೂರುವುದಿಲ್ಲ; ರೂಪಾಯಿಯ ಹಿಂದೆ ಹೋಗು ಎಂದು ಕಳಿಸಿದವರು ರೂಪಾಯಿಯ ಹಿಂದೆಯೇ ಹೋಗುತ್ತಾರೆ. ಮನುಷ್ಯನ ಹಿಂದೆ ಹೋಗು ಎಂದು ಯಾರನ್ನೂ ಕಳಿಸಿಲ್ಲ.

ಇಲ್ಲ, ಸರ್ಕಾರ ಒಬ್ಬರನ್ನು ಕಳಿಸಿದೆ. ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಊರ ಬಾಯಲ್ಲಿ ವಿಆರ್‌ಡಬ್ಲ್ಯು. ಅವರೂ ಅಂಗವಿಕಲರೇ, ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯು. ಈ ಏರ್ಪಾಟು ಕರ್ನಾಟಕದ ಹೆಮ್ಮೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಯಾವ ಮನೆಯಲ್ಲಿ ಮೂವತ್ತು ವರ್ಷದ ಮಗನನ್ನು ಎಪ್ಪತ್ತರ ತಾಯಿ ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದಾಳೆ ಎಂಬುದು ಇವರಿಗೆ ಗೊತ್ತು. ಆದರೆ ಇವರದು ಗೌರವಧನದ ಕೆಲಸ, ಸಂಬಳದ್ದಲ್ಲ. ದಿನದ ಹೆಚ್ಚು ಹೊತ್ತು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ ತುಂಬುವುದರಲ್ಲಿ, ಶಿಬಿರಕ್ಕೆ ಜನ ಕರೆತರುವುದರಲ್ಲಿ ಮುಗಿಯುತ್ತದೆ. ಇವರು ನೋಡಿದ್ದು ವರದಿಯಾಗಿ ಮೇಲೆ ಹೋದರೆ ‘ಫಲಾನುಭವಿಗಳ ಸಂಖ್ಯೆ’ ಆಗಿ ಬದಲಾಗುತ್ತದೆ. ಇನ್ನು ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದ, ಬರೀ ಮುಪ್ಪಿನಿಂದ ಹಾಸಿಗೆ ಹಿಡಿದ ಮುದುಕ ಈ ಕಾರ್ಯಕರ್ತರ ಪಟ್ಟಿಗೂ ಬರುವುದಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10.38 ಕೋಟಿ. ಅವರ ಪಾಲಿಗೆ ಪಂಚಾಯ್ತಿಯಲ್ಲಿ ಒಬ್ಬ ವಿಆರ್‌ಡಬ್ಲ್ಯು ಕೂಡ ಇಲ್ಲ.

ಪಂಚಾಯ್ತಿಗೆ ಆರೈಕೆ ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ. ಕೂಲಿಗೆ ಹೋಗುವ ತಾಯಂದಿರ ಎಳೆಗೂಸುಗಳಿಗೆ ಗ್ರಾಮ ಪಂಚಾಯ್ತಿಗಳಲ್ಲೇ ‘ಕೂಸಿನ ಮನೆ’ಗಳು ಶುರುವಾಗಿವೆ, ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಲಾಗಿದೆ. ಬದುಕಿನ ಒಂದು ತುದಿಗೆ ಮಾಡಿದ್ದನ್ನು ಇನ್ನೊಂದು ತುದಿಗೆ ಮಾಡಲು ಅಡ್ಡಿಯೇನು?

ಅಡ್ಡಿಯಿಲ್ಲ ಎಂಬುದಕ್ಕೆ ಕನ್ನಡಿಗರ ನಡುವೆಯೇ ಸಾಕ್ಷಿ ಇದೆ, ಆದರೆ ರಾಜ್ಯದ ಗಡಿಯಾಚೆ. ಕಾಸರಗೋಡಿನ ಎಣ್ಮಕಜೆ ಪಂಚಾಯ್ತಿಯಲ್ಲಿ ಕನ್ನಡ, ತುಳು ಮಾತಾಡುವ ಮನೆಗಳು ಬಹಳ. ಅಲ್ಲಿನ ಗೇರು ತೋಪುಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಏಳಲಾರದ, ಮಾತಾಡಲಾರದ ಮಕ್ಕಳು ಹುಟ್ಟಿದ ಮನೆಗಳು ಒಂದೆರಡಲ್ಲ. ಆ ಮಕ್ಕಳು ಈಗ ದೊಡ್ಡವರು. ತಲಾ 5 ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದರೂ ತಾಯಂದಿರು ತಿರುವನಂತಪುರಕ್ಕೆ ಹೋಗಿ ಧರಣಿ ಕೂರುವುದು ತಪ್ಪಲಿಲ್ಲ. ಅಲ್ಲಿಯ ಸರ್ಕಾರವನ್ನು ಹೊಗಳಲು ನನಗೆ ಅವಸರವಿಲ್ಲ. ಆದರೆ ಪಂಚಾಯ್ತಿ ಮಾಡುವ ಕೆಲಸ ನೋಡಿ. ಕೇರಳ 2008ರಲ್ಲೇ ಉಪಶಮನ ಆರೈಕೆಗೆ ನೀತಿ ರೂಪಿಸಿತು. ಪಂಚಾಯ್ತಿ ತನ್ನ ಹಣದಲ್ಲಿ ನರ್ಸ್ ನೇಮಿಸಿಕೊಳ್ಳುತ್ತದೆ, ಮೇಲುಸ್ತುವಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದು. ಆಶಾ ಕಾರ್ಯಕರ್ತೆ, ಕೆಲವೊಮ್ಮೆ ವಾರ್ಡಿನ ಸದಸ್ಯರೂ ಸೇರಿ ಜೀಪು ಹತ್ತಿ ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗುತ್ತಾರೆ. ಮೂತ್ರದ ಕೊಳವೆ ಬದಲಿಸುತ್ತಾರೆ, ಹುಣ್ಣು ತೊಳೆದು ಕಟ್ಟುತ್ತಾರೆ, ಹೇಗೆ ಕಟ್ಟಬೇಕೆಂದು ಮನೆಯವರಿಗೆ ಕಲಿಸುತ್ತಾರೆ. ಬುದ್ಧಿಮಾಂದ್ಯರಿಗೆ ಪಂಚಾಯ್ತಿಗಳು ಕುಟುಂಬಶ್ರೀ ಮಹಿಳಾ ಸಂಘಗಳ ಜತೆಗೂಡಿ ‘ಬಡ್ಸ್’ ಶಾಲೆ ನಡೆಸುತ್ತವೆ. 18 ದಾಟಿದವರಿಗೆ ಬೇರೆ ಪುನರ್ವಸತಿ ಕೇಂದ್ರ.

ಮೇಲುಸ್ತುವಾರಿಯ ಗುಟ್ಟು ಆ ನರ್ಸಿನ ರಿಜಿಸ್ಟರಿನಲ್ಲಿದೆ. ಅದರಲ್ಲಿ ಮನೆ ಮನೆಗೂ ತಾರೀಖಿದೆ, ಹುಣ್ಣಿನ ಸ್ಥಿತಿಯಿದೆ, ಮುಂದೆ ಯಾವಾಗ ಹೋಗಬೇಕೆಂಬುದಿದೆ. ಅದನ್ನು ವೈದ್ಯರು ನೋಡಬಹುದು, ಸದಸ್ಯರು ನೋಡಬಹುದು; ತಪ್ಪಿದರೆ ಸ್ಥಳೀಯ ಸಂಸ್ಥೆಗಳಿಗೆಂದೇ ಇರುವ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೆಲಸ ಏನೆಂದು ಬರೆದಿಟ್ಟಾಗ ಮಾತ್ರ ಕೆಲಸ ಆಗಲಿಲ್ಲ ಎಂದು ಹೇಳಲು ಬರುತ್ತದೆ.

ನಮ್ಮ ಕಾನೂನಿನಲ್ಲೂ ಬೀಜ ಇಲ್ಲದಿಲ್ಲ. 2016ರ ಕಾಯ್ದೆಯ 38ನೇ ಕಲಂ ಪ್ರಕಾರ ಹೆಚ್ಚಿನ ಆಸರೆ ಬೇಕಾದ ಅಂಗವಿಕಲರು ಅದಕ್ಕಾಗಿ ಅರ್ಜಿ ಹಾಕಬಹುದು. ಒಂದು ಮಂಡಳಿ ಅವರ ಅಗತ್ಯವನ್ನು ಅಳೆಯಬೇಕು, ಪ್ರಾಧಿಕಾರ ಆಸರೆ ಒದಗಿಸಬೇಕು. ಇಂಗ್ಲೆಂಡಿನ ಕೌನ್ಸಿಲ್ ಮಾಡುವುದೂ ಇದನ್ನೇ. ಈ ಕಲಮಿನ ಹೆಸರು ನಮ್ಮ ಎಷ್ಟು ಗ್ರಾಮಸಭೆಗಳಲ್ಲಿ ಕೇಳಿಬಂದಿದೆ? ನಾನಂತೂ ಕೇಳಿಲ್ಲ.

ಹೊಸ ಪ್ರಾಧಿಕಾರ, ಹೊಸ ಕಟ್ಟಡ ಬೇಕೆಂದು ನಾನು ಹೇಳುತ್ತಿಲ್ಲ. ಬಂದರೆ ಅದಕ್ಕೊಂದು ಕಾರು, ಕಾರಿಗೊಬ್ಬ ಚಾಲಕ, ಅಷ್ಟೇ. ನರೇಗಾ ವರ್ಷಗಳಲ್ಲಿ ಸಾಮಾಜಿಕ ಪರಿಶೋಧನೆಯವರು ಊರಿಗೆ ಬಂದು, ಟೇಪು ಹಿಡಿದು ಬದುವಿನ ಉದ್ದ, ಕೃಷಿಹೊಂಡದ ಆಳ ಅಳೆದು, ಕೂಲಿಕಾರರ ಮನೆಗೆ ಹೋಗಿ ‘ನಿನಗೆ ಎಷ್ಟು ದಿನದ ದುಡ್ಡು ಬಂತು’ ಎಂದು ಕೇಳಿ, ಗ್ರಾಮಸಭೆಯಲ್ಲಿ ಓದಿದ್ದನ್ನು ಈ ಭಾಗ ಕಂಡಿದೆ. ಜಗಳವಾಗಿದೆ, ಮೈಕು ಕಿತ್ತಾಟವಾಗಿದೆ. ವಸೂಲಿಗೆ ಬರೆದದ್ದೂ ಉಂಟು. ಅದೇ ತಂಡ ಅದೇ ಊರಿನಲ್ಲಿ ಹತ್ತು ಮನೆಗಳ ಹಾಸಿಗೆಯ ಹತ್ತಿರ ಹೋಗಲಿ. ಕೊಟ್ಟ ಸೈಕಲ್ ಓಡುತ್ತಿದೆಯೇ, ಸ್ನಾನ ಯಾವತ್ತು ಆಯಿತು, ಬೆನ್ನು ನೋಡಿದವರು ಯಾರು, ನೋಡಿಕೊಳ್ಳುವಾಕೆ ಕೊನೆಯ ಸಲ ಯಾವತ್ತು ಒಂದು ರಾತ್ರಿ ಪೂರ್ತಿ ಮಲಗಿದಳು ಎಂದು ಕೇಳಲಿ. ಈ ನಾಲ್ಕನೆಯದನ್ನು ಬಿಡಬಾರದು. ಮುದುಕರನ್ನು ನೋಡಿಕೊಳ್ಳುವವರಿಗೆ ಬೇಕಾದದ್ದು ಅನೇಕ ಸಲ ದುಡ್ಡಲ್ಲ, ಒಂದು ದಿನದ ಬಿಡುವು.

ಮೊದಲೇ ಹೇಳಿದ ಸೊಸೆಯ ಕಡೆಯಿಂದಲೂ ಒಂದು ಮಾತಿದೆ. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ 2,000 ರೂಪಾಯಿ ಎಷ್ಟೋ ಮನೆಗಳಲ್ಲಿ ಅತ್ತೆಯ ಖಾತೆಗೆ ಬಂತು. ಅತ್ತೆಯ ಗಂಜಿ ಬಿಸಿಯಾಯಿತು ಎಂದು ನಕ್ಕವರಿದ್ದಾರೆ, ನಾನೂ ನಕ್ಕಿದ್ದೇನೆ. ಮೈ ತೊಳೆಸುವ ಕೈಗೆ ಮಾತ್ರ ಎಲ್ಲಿಂದಲೂ ಏನೂ ಬರಲಿಲ್ಲ. ಆ ಕೈಗೆ ಪಗಾರ ಎಂಬ ಹೆಸರಿನದೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದೂರಿನಲ್ಲಿ ಅಂಗವಿಕಲರ ವಿಶೇಷ ಗ್ರಾಮಸಭೆಗೆ ಹೋಗಿದ್ದೆ. ಶಾಮಿಯಾನ, ಉಪ್ಪಿಟ್ಟು, ಸ್ವಾಗತ ಗೀತೆ ಎಲ್ಲ ಆದ ಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತಳು. ಪಕ್ಕದಲ್ಲಿ ಗೋಣು ವಾಲಿಸಿಕೊಂಡು ಕೂತ, ಮೀಸೆ ಬಂದ ಮಗ. ‘ಸಾಹೇಬ್ರ, ಪಗಾರ ಬರತೈತ್ರಿ, ಅದರದೇನೂ ಇಲ್ಲ. ನಾ ಹೋದ ಮ್ಯಾಲೆ ಇವನ್ನ ಯಾರ ಹಂತೇಲಿ ಬಿಡ್ಲಿ, ಅದೊಂದು ಬರಕೋರಿ’ ಎಂದಳು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕಾರ್ಯದರ್ಶಿ ಪುಸ್ತಕದ ಹಾಳೆ ಮುಂದೆ ಹಿಂದೆ ತಿರುವಿ, ಪೆನ್ನಿನ ತುದಿಯನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದುಕೊಂಡು, ಕೊನೆಗೆ ‘ಇತರೆ ವಿಷಯಗಳು’ ಎಂಬುದರ ಕೆಳಗೆ ಏನನ್ನೋ ಬರೆದುಕೊಂಡರು. ಅದರ ಮೇಲಿನ ಸಾಲಿನಲ್ಲಿ ಬೀದಿದೀಪದ ಬಲ್ಬಿನ ವಿಷಯವಿತ್ತು.